ನಿಂತ ಗಾಡಿಯ ನಾಡಿ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯು ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸುಗಳನ್ನು ದಾಟಿ ಹಾಸನ ಜಿಲ್ಲೆಯನ್ನು ಪ್ರವೇಶಿಸುವ ಎಡೆಯಲ್ಲಿ ಹಿರೀಸಾವೆ ಎಂಬ ಊರಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಈ ಹೋಬಳಿ ಕೇಂದ್ರದ ಸುತ್ತ ತೆಂಗು ಮತ್ತು ರಾಗಿ ಬೆಳೆಯುವ ಹಳ್ಳಿಗಳಿವೆ. ಹಿಂದೆ 48 ಎಂಬ ಸಂಖ್ಯೆಯಿಂದ ಕರೆಯಲ್ಪಡುತ್ತಿದ್ದ ಆ ರಾಷ್ಟ್ರೀಯ ಹೆದ್ದಾರಿಗೆ ಈಗ 75 ಎಂಬ ಸಂಖ್ಯೆ ಬಂದಿದೆ, ರಸ್ತೆ ಅಗಲವಾಗಿದೆ, ಹೊಸ ಕಾರುಗಳು ಊರಿನ ಕಡೆ ತಿರುಗಿಯೂ ನೋಡದೆ ಹಾದುಹೋಗುತ್ತವೆ. ಆದರೆ ಹಳ್ಳಿಗಳ ಕೊಟ್ಟಿಗೆಗಳಲ್ಲಿ, ತೋಟದ ಮನೆಗಳ ಅಂಗಳಗಳಲ್ಲಿ ಅಂಬಾಸಡರ್ ಕಾರು, ಜೀಪು, ಯೆಜ್ಡಿ ಮೋಟಾರು ಸೈಕಲ್ಲುಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿವೆ. ಇಂಥ ಮುದಿವಾಹನಗಳಿಗೆ ಬರುವ ಕಾಯಿಲೆಗಳಲ್ಲಿ ಅತ್ಯಂತ ಸಾಮಾನ್ಯವಾದುದು ಮತ್ತು ಅತ್ಯಂತ ಹೆಚ್ಚಾಗಿ ತಪ್ಪು ಚಿಕಿತ್ಸೆಗೆ ಗುರಿಯಾಗುವುದು ಯಾವುದೆಂದರೆ, ಗಾಡಿ ನಿಂತಿರುವಾಗ ಎಂಜಿನ್ನು ಸಮನಾಗಿ ನಡೆಯದೆ ನಡುಗುವುದು, ತಡವರಿಸುವುದು, ಕಡೆಗೆ ಆರಿಯೇ ಹೋಗುವುದು.

ವಾಹನವು ಚಲಿಸದೆ, ಚಾಲಕನ ಕಾಲು ಆಕ್ಸಿಲರೇಟರಿನ ಮೇಲಿಲ್ಲದೆ, ಎಂಜಿನ್ನು ತನ್ನಷ್ಟಕ್ಕೆ ತಾನು ನಿಧಾನವಾಗಿ ನಡೆಯುತ್ತಿರುವ ಸ್ಥಿತಿಯನ್ನು ಐಡ್ಲಿಂಗ್ ಎನ್ನುತ್ತಾರೆ. ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ‘ಸ್ಲೋ’. ಮೇಲುನೋಟಕ್ಕೆ ಇದು ವಿಶ್ರಾಂತಿಯಂತೆ ಕಂಡರೂ ಎಂಜಿನ್ನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಮತ್ತೊಂದಿಲ್ಲ. ಗಾಳಿಯ ದಾರಿಯನ್ನು ಮುಚ್ಚುವ ಥ್ರಾಟಲ್ ಬಿಲ್ಲೆಯು ಈ ವೇಳೆಯಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಮುಚ್ಚಿರುತ್ತದೆ. ಅದರ ಅಂಚಿನಲ್ಲಿ ನುಸುಳಿ ಬರುವ ಅತ್ಯಲ್ಪ ಗಾಳಿ ಮತ್ತು ಒಂದು ಸಣ್ಣ ರಂಧ್ರದಿಂದ ಒಸರುವ ಪೆಟ್ರೋಲು, ಇವಿಷ್ಟೇ ಅದರ ಆಹಾರ. ಆ ಆಹಾರದಿಂದ ಹುಟ್ಟುವ ಶಕ್ತಿಯು ಎಂಜಿನ್ನಿನ ಒಳಗಿನ ಘರ್ಷಣೆಯನ್ನು ಮೀರುವುದಕ್ಕೆ ಸಾಕಾಗುವಷ್ಟು ಮಾತ್ರ, ಅದಕ್ಕಿಂತ ಹೆಚ್ಚಿಲ್ಲ. ತುತ್ತು ಅನ್ನದಲ್ಲಿ ದಿನ ನೂಕುವವನಿಗೆ ಒಂದು ಅಗುಳು ಕಡಮೆಯಾದರೂ ಗೊತ್ತಾಗುವಂತೆ, ಈ ಸ್ಥಿತಿಯಲ್ಲಿ ಎಂಜಿನ್ನಿನ ಯಾವ ಅಂಗದಲ್ಲಿ ಕೊಂಚ ಕುಂದಿದ್ದರೂ ಅದು ಒಡನೆಯೇ ಪ್ರಕಟವಾಗುತ್ತದೆ.

ಇದನ್ನು ಲೆಕ್ಕದ ಮೂಲಕ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ನಾಲ್ಕು ಸಿಲಿಂಡರುಗಳುಳ್ಳ, ನಾಲ್ಕು ಹೊಡೆತಗಳ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಪ್ರತಿಯೊಂದು ಸಿಲಿಂಡರಿನಲ್ಲಿಯೂ ಎರಡು ಸುತ್ತಿಗೆ ಒಂದು ಸಲ ಇಂಧನ ಉರಿಯುತ್ತದೆ. ಅಂದರೆ ಒಂದೊಂದರಲ್ಲಿ ನಿಮಿಷಕ್ಕೆ 400 ಸಲ, ನಾಲ್ಕರಲ್ಲಿಯೂ ಸೇರಿ 1,600 ಸಲ. ಸೆಕೆಂಡಿಗೆ ಸುಮಾರು 27 ಸಲ. ಈ ಬಡಿತಗಳು ಒಂದರ ಹಿಂದೆ ಒಂದು ಸಾಲಾಗಿ ಬರುವುದರಿಂದ ಕಿವಿಗೆ ಒಂದೇ ಗುಂಜಾರವದಂತೆ ಕೇಳಿಸುತ್ತದೆ. ಈಗ ಒಂದು ಸಿಲಿಂಡರು ಕೆಲಸ ನಿಲ್ಲಿಸಿತೆನ್ನಿ. ಸೆಕೆಂಡಿಗೆ ಆರೇಳು ಸಲ ಒಂದು ಹೊಡೆತ ತಪ್ಪಿ, ಅಲ್ಲೊಂದು ಕುಳಿ ಬೀಳುತ್ತದೆ. ಆರೇಳು ಸಲದ ಕುಲುಕಾಟವನ್ನು ಮನುಷ್ಯನ ಕೈ ಚೆನ್ನಾಗಿ ಗುರುತಿಸಬಲ್ಲುದು. ಸ್ಟಿಯರಿಂಗ್ ಚಕ್ರ ಅಂಗೈಯಲ್ಲಿ ನಡುಗುತ್ತದೆ, ಗೇರಿನ ಕೋಲು ಅಲ್ಲಾಡುತ್ತದೆ. ಅದೇ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಕುಳಿಗಳು ಸೆಕೆಂಡಿಗೆ 25ರಂತೆ ಒತ್ತೊತ್ತಾಗಿ ಬರುತ್ತವೆ. ಭಾರವಾದ ಫ್ಲೈವೀಲು ತನ್ನ ರಭಸದಿಂದ ಅವನ್ನು ಮುಚ್ಚಿಬಿಡುತ್ತದೆ. ಹೀಗಾಗಿಯೇ ‘ರೋಡಿನಲ್ಲಿ ಚೆನ್ನಾಗಿಯೇ ಓಡುತ್ತೆ, ನಿಲ್ಲಿಸಿದರೆ ಮಾತ್ರ ತೊಂದರೆ’ ಎಂಬ ಮಾತು ಮೇಲಿಂದ ಮೇಲೆ ಕೇಳಿಬರುವುದು. ತೊಂದರೆ ಓಡುವಾಗಲೂ ಇರುತ್ತದೆ; ನಿಂತಾಗ ಕಾಣಿಸುತ್ತದೆ, ಅಷ್ಟೆ.

ಹಳೆಯ ವೈದ್ಯರು ಔಷಧದ ಪೆಟ್ಟಿಗೆಗೆ ಕೈ ಹಾಕುವ ಮುನ್ನ ನಾಡಿ ಹಿಡಿದು ಕೂರುತ್ತಿದ್ದರು. ನುರಿತ ಮೆಕ್ಯಾನಿಕ್ಕನೂ ಮೊದಲು ಉಪಕರಣ ಮುಟ್ಟುವುದಿಲ್ಲ. ಬಾನೆಟ್ಟು ತೆರೆದು ಸ್ವಲ್ಪ ಹೊತ್ತು ಸುಮ್ಮನೆ ಕೇಳುತ್ತಾನೆ. ಅಸಮತೆಯಲ್ಲಿಯೂ ಬಗೆಗಳಿವೆ. ತಪ್ಪಿದ ಹೊಡೆತವು ತಾಳ ಹಾಕಿದಂತೆ ಕ್ರಮವಾಗಿ ಬರುತ್ತಿದ್ದರೆ ದೋಷವು ಯಾವುದೋ ಒಂದು ಸಿಲಿಂಡರಿಗೆ ಸೇರಿದ್ದು: ಅದರ ಪ್ಲಗ್ಗು, ಅದರ ತಂತಿ ಅಥವಾ ಅದರ ವಾಲ್ವು. ಹೊಡೆತವು ಹೇಳದೆ ಕೇಳದೆ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ತಪ್ಪುತ್ತಿದ್ದರೆ ಎಲ್ಲಾ ಸಿಲಿಂಡರುಗಳಿಗೂ ಸಾಮಾನ್ಯವಾದ ಯಾವುದೋ ಭಾಗವನ್ನು ಶಂಕಿಸಬೇಕು. ಪಾಯಿಂಟು, ಕಂಡೆನ್ಸರು, ಕಾರ್ಬುರೇಟರುಗಳು ಈ ಗುಂಪಿನವು. ಎಂಜಿನ್ನಿನ ವೇಗವೇ ಜೋಕಾಲಿಯಂತೆ ಮೆಲ್ಲಗೆ ಏರಿ ಇಳಿಯುತ್ತಿದ್ದರೆ ಗಾಳಿ ಮತ್ತು ಪೆಟ್ರೋಲುಗಳ ಪ್ರಮಾಣ ಕೆಟ್ಟಿದೆಯೆಂದು ಬಹುಮಟ್ಟಿಗೆ ಹೇಳಬಹುದು. ಇದರೊಡನೆ ಕೇಳಬೇಕಾದ ಇನ್ನೊಂದು ಪ್ರಶ್ನೆಯುಂಟು: ತಣ್ಣಗಿರುವಾಗಲೋ, ಕಾದ ಮೇಲೋ? ಬೆಳಗಿನ ಚಳಿಯಲ್ಲಿ ಎರಡು ನಿಮಿಷ ತಡವರಿಸಿ ಬಳಿಕ ಸರಿಹೋಗುವುದು ಹಳೆಯ ಗಾಡಿಯ ಸ್ವಭಾವ; ಕಾದಷ್ಟೂ ಹೆಚ್ಚುವುದು ಮಾತ್ರ ರೋಗ.

ಈ ಪ್ರಶ್ನೆಗಳನ್ನು ಕೇಳುವ ವ್ಯವಧಾನವಿಲ್ಲದವರು ಮಾಡುವುದೇನು? ಒಂದು ಸ್ಕ್ರೂಡ್ರೈವರು ತೆಗೆದುಕೊಂಡು ಕಾರ್ಬುರೇಟರಿನ ತಿರುಪನ್ನು ತಿರುಗಿಸಿ ‘ಸ್ಲೋ’ ಏರಿಸಿಬಿಡುತ್ತಾರೆ. ಎಂಜಿನ್ನು ಆರುವುದು ನಿಲ್ಲುತ್ತದೆ, ಮಾಲೀಕನಿಗೂ ಸಮಾಧಾನವಾಗುತ್ತದೆ. ಆದರೆ ಇದು ಜ್ವರ ಬಂದವನ ಮೇಲೆ ಕಂಬಳಿ ಹೊದಿಸಿ ನಡುಕ ನಿಂತಿತೆಂದು ಹೇಳಿದ ಹಾಗೆ. ನಿಯಮವು ಇದಕ್ಕೆ ತದ್ವಿರುದ್ಧವಾಗಿದೆ. ಮೊದಲು ವಾಲ್ವುಗಳನ್ನೂ ಸಿಲಿಂಡರುಗಳ ಒತ್ತಡವನ್ನೂ ನೋಡಬೇಕು. ಬಳಿಕ ಕಿಡಿಯನ್ನು ಸರಿಪಡಿಸಬೇಕು. ಕಾರ್ಬುರೇಟರಿನ ತಿರುಪಿಗೆ ಕೈ ಹಾಕುವುದು ಕಟ್ಟಕಡೆಗೆ. ಏಕೆಂದರೆ ಒತ್ತಡವಿಲ್ಲದ ಸಿಲಿಂಡರನ್ನು ಯಾವ ಕಿಡಿಯೂ ಉದ್ಧರಿಸಲಾರದು, ಹಾಗೆಯೇ ಕಿಡಿಯಿಲ್ಲದ ಕಡೆ ಯಾವ ಹದವಾದ ಮಿಶ್ರಣವೂ ಉರಿಯಲಾರದು.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಹಿರೀಸಾವೆಯ ಆಸುಪಾಸಿನ ಒಬ್ಬ ಗೃಹಸ್ಥರ ಬಳಿ ಹಳೆಯ ಅಂಬಾಸಡರ್ ಇದೆ. ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಿಂದ 1958ರ ಸುಮಾರಿಗೆ ಹೊರಬರಲು ಆರಂಭಿಸಿ 2014ರಲ್ಲಿ ನಿಂತುಹೋದ ಆ ಕಾರು, 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನಿನೊಡನೆ ದಶಕಗಳ ಕಾಲ ನಮ್ಮ ರಸ್ತೆಗಳನ್ನು ಆಳಿತು. ಊರಿನಲ್ಲಿ ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಕಡಿದರೆ, ಹಾಸನದ ಆಸ್ಪತ್ರೆಗೆ ಹೊರಡಿಸಲು ಎಲ್ಲರೂ ಬಂದು ಬಾಗಿಲು ತಟ್ಟುವುದು ಈ ಕಾರಿನ ಮನೆಯದು. ಒಂದು ತಿಂಗಳಿಂದ ಅದು ನಿಂತಲ್ಲಿ ಆರುತ್ತಿದೆ. ಅಂಥ ಒಂದು ರಾತ್ರಿ ಅದು ಅರ್ಧದಾರಿಯಲ್ಲಿ ಆರಿದರೆ ಏನು ಗತಿ ಎಂಬ ಚಿಂತೆ ಯಜಮಾನರಿಗೆ ಹತ್ತಿದೆ. ಅವರು ರಸ್ತೆ ಬದಿಯ ಗ್ಯಾರೇಜಿಗೆ ಕಾರನ್ನು ತಂದು, “ಸ್ವಲ್ಪ ಸ್ಲೋ ಏರಿಸಿಕೊಡಪ್ಪ ಮೇಸ್ತ್ರಿ, ಆರದಿದ್ದರೆ ಸಾಕು” ಎನ್ನುತ್ತಾರೆ.

“ಏರಿಸೋದು ಎರಡು ನಿಮಿಷದ ಕೆಲಸ ಗೌಡ್ರೆ. ಆದರೆ ಒಂದು ಸಿಲಿಂಡರ್ ಕೆಲಸ ಮಾಡ್ತಿಲ್ಲವಲ್ಲ, ಅದು ಯಾವುದು ಅಂತ ಮೊದಲು ನೋಡೋಣ” ಎನ್ನುತ್ತಾನೆ ಮೇಸ್ತ್ರಿ.

ಅವನು ಎಂಜಿನ್ನು ನಿಲ್ಲಿಸಿ, ಒಂದು ಪ್ಲಗ್ಗಿನ ತಂತಿಯನ್ನು ಕಳಚಿ, ಅದರ ತುದಿಯನ್ನು ಎಂಜಿನ್ನಿನ ಲೋಹಕ್ಕೆ ತಾಗುವಂತೆ ಕಟ್ಟಿ ಮತ್ತೆ ಚಾಲೂ ಮಾಡುತ್ತಾನೆ. ನಡುಕ ಹೆಚ್ಚಾಗುತ್ತದೆ, ಅಂದರೆ ಆ ಸಿಲಿಂಡರು ದುಡಿಯುತ್ತಿತ್ತು. ತಂತಿಯನ್ನು ಮರಳಿ ಸಿಕ್ಕಿಸಿ ಮುಂದಿನದಕ್ಕೆ ಹೋಗುತ್ತಾನೆ. ಮೂರನೆಯದರ ತಂತಿ ಕಳಚಿದಾಗ ಎಂಜಿನ್ನಿನ ಸದ್ದಿನಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಕಳ್ಳ ಸಿಕ್ಕಿದಂತಾಯಿತು. (ನಡೆಯುತ್ತಿರುವ ಎಂಜಿನ್ನಿನ ತಂತಿಯನ್ನು ಬರಿಗೈಯಲ್ಲಿ ಎಳೆಯುವ ಸಾಹಸವನ್ನು ಯಾರೂ ಮಾಡಬಾರದು, ಅದರಲ್ಲಿ ಹರಿಯುವುದು ಹತ್ತು ಹದಿನೈದು ಸಾವಿರ ವೋಲ್ಟುಗಳ ವಿದ್ಯುತ್ತು.) ಮೂರನೆಯ ಪ್ಲಗ್ಗನ್ನು ಬಿಚ್ಚಿ ಒಂದನೆಯದರೊಡನೆ ಅದಲುಬದಲು ಮಾಡುತ್ತಾನೆ. ದೋಷವು ಪ್ಲಗ್ಗಿನ ಜೊತೆ ಒಂದನೆಯ ಸಿಲಿಂಡರಿಗೆ ಹೋದರೆ ಹೊಸ ಪ್ಲಗ್ಗು ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಅದು ಮೂರರಲ್ಲಿಯೇ ಕುಳಿತಿದೆ. ತಂತಿಯನ್ನೂ ಬದಲಿಸಿ ನೋಡಿದ ಮೇಲೆ ಉಳಿಯುವುದು ಒತ್ತಡದ ಪ್ರಶ್ನೆ. ಪ್ಲಗ್ಗಿನ ರಂಧ್ರಗಳಲ್ಲಿ ಕಂಪ್ರೆಶನ್ ಗೇಜನ್ನು ಒತ್ತಿ ಹಿಡಿದು ಅಳೆದಾಗ ಮೂರು ಸಿಲಿಂಡರುಗಳು ಹೆಚ್ಚುಕಡಿಮೆ ಸಮನಾಗಿವೆ. ಮೂರನೆಯದು ಅರ್ಧಕ್ಕೆ ಇಳಿದಿದೆ. ಅದರೊಳಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಾನೆ. ಪಿಸ್ಟನ್ನಿನ ರಿಂಗುಗಳು ಸವೆದಿದ್ದರೆ ಎಣ್ಣೆಯು ಆ ಸಂದನ್ನು ತುಂಬಿ ಒತ್ತಡ ಏರಬೇಕಿತ್ತು. ಅದು ಏರಲಿಲ್ಲ. ಪಕ್ಕದ ಸಿಲಿಂಡರಿನ ಒತ್ತಡವೂ ಕುಸಿದಿದ್ದರೆ ನಡುವಣ ಹೆಡ್ ಗ್ಯಾಸ್ಕೆಟ್ಟು ಸುಟ್ಟಿದೆಯೆನ್ನಬಹುದಿತ್ತು. ಅದೂ ಅಲ್ಲ. ಉಳಿದದ್ದು ವಾಲ್ವು.

ಗೇಜು ಇಲ್ಲದ ಮೇಸ್ತ್ರಿಗಳಿಗೂ ಇದನ್ನು ಕಂಡುಹಿಡಿಯುವ ಒಂದು ಉಪಾಯ ಗೊತ್ತು. ಸೈಲೆನ್ಸರಿನ ಬಾಯಿಗೆ ಒಂದು ತುಂಡು ಕಾಗದವನ್ನು ಸಮೀಪದಲ್ಲಿ ಹಿಡಿಯುತ್ತಾರೆ. ಆರೋಗ್ಯವಾದ ಎಂಜಿನ್ನು ಕಾಗದವನ್ನು ಒಂದೇ ಸಮನೆ ಹೊರಕ್ಕೆ ತಳ್ಳುತ್ತದೆ. ಹೊಗೆ ಹೊರಡುವ ವಾಲ್ವು ಸುಟ್ಟಿದ್ದರೆ ಮುಚ್ಚಿರಬೇಕಾದ ಹೊತ್ತಿನಲ್ಲಿ ಅದು ಸೋರುವುದರಿಂದ, ಕಾಗದವು ಆಗಾಗ ಒಳಕ್ಕೆ ಸೆಳೆದಂತಾಗಿ ಕೊಳವೆಗೆ ಅಂಟುತ್ತದೆ. ಖರ್ಚಿಲ್ಲದ ಈ ಪರೀಕ್ಷೆಯು ನೂರು ಊಹೆಗಳಿಗಿಂತ ಮೇಲು.

ಆ ವಾಲ್ವು ಏಕೆ ಸುಟ್ಟಿತು ಎಂಬುದು ಸ್ವಾರಸ್ಯವಾದ ವಿಷಯ. ಹಿಂದಿನ ಪೆಟ್ರೋಲಿನಲ್ಲಿ ಸೀಸದ ಒಂದು ಸಂಯುಕ್ತವನ್ನು ಬೆರೆಸುತ್ತಿದ್ದರು. ಅದು ಉರಿದಾಗ ಉಳಿಯುವ ತೆಳುವಾದ ಲೇಪವು ವಾಲ್ವಿಗೂ ಅದರ ಪೀಠಕ್ಕೂ ನಡುವೆ ಮೆತ್ತೆಯಂತೆ ನಿಂತು ಸವೆತವನ್ನು ತಡೆಯುತ್ತಿತ್ತು. ಆದರೆ ಅದೇ ಸೀಸವು ಹೊಗೆಯೊಡನೆ ಹೊರಬಂದು ಗಾಳಿಯನ್ನು ಸೇರಿ, ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತಿತ್ತು. ಆದ್ದರಿಂದ 2000ದ ಫೆಬ್ರವರಿ 1ರಿಂದ ಭಾರತದಾದ್ಯಂತ ಸೀಸಯುಕ್ತ ಪೆಟ್ರೋಲಿನ ಮಾರಾಟವನ್ನು ನಿಲ್ಲಿಸಲಾಯಿತು. ಅದು ಎಂದೋ ಆಗಬೇಕಾಗಿದ್ದ ಕೆಲಸ. ಮೆದುವಾದ ಬೀಡು ಕಬ್ಬಿಣದಲ್ಲೇ ವಾಲ್ವಿನ ಪೀಠವನ್ನು ಕೊರೆದು ಮಾಡಿದ್ದ ಹಳೆಯ ಎಂಜಿನ್ನುಗಳಿಗೆ ಮಾತ್ರ ಅಂದಿನಿಂದ ಮೆತ್ತೆಯಿಲ್ಲದಂತಾಯಿತು. ಬಡಿದು ಬಡಿದು ಪೀಠ ಸವೆದಂತೆ ವಾಲ್ವು ಹೆಡ್ಡಿನೊಳಕ್ಕೆ ಕುಸಿಯುತ್ತದೆ. ಅದರ ಕಾಲು ಅಷ್ಟೇ ಮೇಲೇಳುತ್ತದೆ. ಕಾಲಿಗೂ ರಾಕರಿಗೂ ನಡುವೆ ಇರಬೇಕಾದ ಟ್ಯಾಪೆಟ್ ಸಂದು ಕಿರಿದಾಗುತ್ತ ಕಡೆಗೆ ಇಲ್ಲವಾಗುತ್ತದೆ. ಈ ಎಂಜಿನ್ನಿಗೆ ಆ ಸಂದು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಇರಬೇಕು. ಅದು ಇಲ್ಲವಾದಾಗ ವಾಲ್ವು ಪೂರ್ತಿ ಮುಚ್ಚಲಾರದು. ಎಂಜಿನ್ನು ಕಾದು ಲೋಹ ಹಿಗ್ಗಿದ ಮೇಲಂತೂ ಅದರ ಬಾಯಿ ಸದಾ ತುಸು ತೆರೆದೇ ಇರುತ್ತದೆ, ಬೆಂಕಿಯ ನಾಲಗೆ ಆ ಸಂದಿನಲ್ಲಿ ಹಾದು ಅಂಚನ್ನು ಸುಡುತ್ತದೆ. ವಿಪರ್ಯಾಸವೆಂದರೆ, ಸಂದು ಕಿರಿದಾದಂತೆ ಟ್ಯಾಪೆಟ್ಟಿನ ಟಕಟಕ ಶಬ್ದ ಅಡಗುತ್ತದೆ. ಎಂಜಿನ್ನು ಎಷ್ಟು ಮೆತ್ತಗಾಯಿತೆಂದು ಯಜಮಾನರು ಹಿಗ್ಗುತ್ತಿರುವಾಗಲೇ ಒಳಗೆ ವಾಲ್ವು ಬೇಯುತ್ತಿರುತ್ತದೆ. ಆಗಾಗ್ಗೆ ಫೀಲರ್ ಗೇಜು ಹಾಕಿ ಸಂದನ್ನು ಸರಿಪಡಿಸುತ್ತಿದ್ದರೆ ಈ ಅನಾಹುತ ಬಹುಕಾಲ ಮುಂದಕ್ಕೆ ಹೋಗುತ್ತಿತ್ತು. ಈಗ ಹೆಡ್ಡನ್ನು ಇಳಿಸಿ, ಹಾಸನದ ಲೇತ್ ಅಂಗಡಿಗೆ ಒಯ್ದು, ಗಟ್ಟಿ ಲೋಹದ ಪೀಠದ ಬಳೆಯನ್ನು ಕೂರಿಸಿ, ಹೊಸ ವಾಲ್ವು ಹಾಕುವುದೊಂದೇ ದಾರಿ. ಯಜಮಾನರು ಕೇಳಿದಂತೆ ಸ್ಲೋ ಏರಿಸಿ ಕಳುಹಿಸಿದ್ದರೆ ಕಾರು ಇನ್ನೂ ಕೆಲವು ವಾರ ಓಡುತ್ತಿತ್ತು. ನಿಲ್ಲುವ ರಾತ್ರಿ ಯಾವುದೆಂಬುದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ.

ಎಲ್ಲಾ ಕಾಯಿಲೆಗಳೂ ಇಷ್ಟು ಆಳದಲ್ಲಿರುವುದಿಲ್ಲ. ಬಹಳಷ್ಟು ಸಲ ದೋಷವಿರುವುದು ಕಿಡಿ ಹುಟ್ಟಿಸುವ ಏರ್ಪಾಟಿನಲ್ಲಿ. ಬಿಚ್ಚಿದ ಪ್ಲಗ್ಗಿನ ಮೂತಿಯು ಸಿಲಿಂಡರಿನ ಒಳಗಿನ ಸಮಾಚಾರವನ್ನು ತಂದು ಹೇಳುತ್ತದೆ. ತಿಳಿಗಂದು ಬಣ್ಣವಿದ್ದರೆ ಕ್ಷೇಮ. ಒಣಗಿದ ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು. ಬಿಳಿಚಿಕೊಂಡಿದ್ದರೆ ಪೆಟ್ರೋಲು ಕಡಮೆ. ಜಿಡ್ಡಾಗಿ ತೊಯ್ದಿದ್ದರೆ ಎಂಜಿನ್ ಎಣ್ಣೆ ಒಳಗೆ ನುಗ್ಗುತ್ತಿದೆ. 1951ರಲ್ಲಿ ಸ್ಥಾಪಿತವಾಗಿ 2008ರಲ್ಲಿ ಬಾಷ್ ಎಂಬ ಹೆಸರನ್ನು ತಳೆದ ಮೈಕೋ ಸಂಸ್ಥೆಯ ಪ್ಲಗ್ಗುಗಳನ್ನು ಹೀಗೆ ಸಾಲಾಗಿ ಒರಸುಬಟ್ಟೆಯ ಮೇಲಿಟ್ಟು ಓದುವುದು ನಮ್ಮ ಗ್ಯಾರೇಜುಗಳ ಹಳೆಯ ಪದ್ಧತಿ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಪಾಯಿಂಟು ಕಾಣುತ್ತದೆ. ಅದರ ಸಂದು ಸುಮಾರು 0.4 ಮಿಲಿಮೀಟರು ಇರಬೇಕು. ಅದರ ಹಿಮ್ಮಡಿ ಸವೆದಂತೆ ಸಂದು ಮುಚ್ಚಿಕೊಂಡು ಕಿಡಿ ತಡವಾಗಿ ಬೀಳುತ್ತದೆ. ಪಾಯಿಂಟಿನ ಮುಖ ಪದೇ ಪದೇ ಕಪ್ಪಾಗಿ ಸುಡುತ್ತಿದ್ದರೆ ಪಾಯಿಂಟನ್ನು ದೂರುವುದಕ್ಕಿಂತ ಕಂಡೆನ್ಸರನ್ನು ಬದಲಿಸುವುದು ಲೇಸು. ಇವೆಲ್ಲಕ್ಕಿಂತ ಮೋಸಗೊಳಿಸುವುದು ಡಿಸ್ಟ್ರಿಬ್ಯೂಟರಿನ ನಡುವಣ ದಂಡದ ಸವೆತ. ದಂಡವು ತನ್ನ ಬುಷ್ಷಿನಲ್ಲಿ ಅಲ್ಲಾಡುತ್ತಿದ್ದರೆ ಪಾಯಿಂಟಿನ ಸಂದು ಸುತ್ತು ಸುತ್ತಿಗೂ ಬದಲಾಗುತ್ತದೆ. ಎಷ್ಟು ಹೊಸ ಪಾಯಿಂಟು ಹಾಕಿದರೂ ಎಂಜಿನ್ನು ನೆಟ್ಟಗೆ ನಿಲ್ಲುವುದಿಲ್ಲ. ಮುಚ್ಚಳ ತೆಗೆದು ದಂಡವನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಲು ಅರ್ಧ ನಿಮಿಷ ಸಾಕು.

ಮುಂದಿನದು ಗಾಳಿ. ಕಾರ್ಬುರೇಟರು ಅಳೆದು ಕೊಟ್ಟ ಗಾಳಿಯಲ್ಲದೆ ಬೇರೆ ಕಡೆಯಿಂದ ಕಳ್ಳಗಾಳಿ ಒಳನುಗ್ಗಿದರೆ ಮಿಶ್ರಣವು ನೀರು ಹೆಚ್ಚಾದ ಸಾರಿನಂತೆ ತೆಳುವಾಗುತ್ತದೆ. ‘ಏರ್ ಎಳೆಯುತ್ತಿದೆ’ ಎಂದು ಮೇಸ್ತ್ರಿಗಳು ಹೇಳುವುದು ಇದನ್ನೇ. ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ಟು, ಮ್ಯಾನಿಫೋಲ್ಡಿನ ಜೋಡಣೆ, ಬಿರಿತ ರಬ್ಬರು ಕೊಳವೆ, ಸವೆದ ಥ್ರಾಟಲ್ ಸಲಾಕೆ, ಇವು ಕಳ್ಳಗಾಳಿಯ ಹಾದಿಗಳು. ಇದನ್ನು ತಿಳಿಯಲು ಚೋಕ್ ಒಂದೇ ಸಾಕು. ಕಾದ ಎಂಜಿನ್ನಿನಲ್ಲಿ ಚೋಕನ್ನು ತುಸುವೇ ಎಳೆದಾಗ ನಡುಕ ಕಡಮೆಯಾದರೆ ಮಿಶ್ರಣ ತೆಳುವಾಗಿತ್ತೆಂದು ಅರ್ಥ. ನಡುಕ ಹೆಚ್ಚಿದರೆ ಅದು ಮೊದಲೇ ದಪ್ಪವಾಗಿತ್ತೆಂದು ಅರ್ಥ. ತೆಳುವೆಂದು ತಿಳಿದ ಮೇಲೆ ಜೋಡಣೆಗಳ ಮೇಲೆ ಸಾಬೂನು ನೀರನ್ನು ಸವರಬೇಕು. ಸೋರುವ ಕಡೆ ನೀರು ಒಳಕ್ಕೆ ಹೀರಲ್ಪಟ್ಟು ಒಂದು ಕ್ಷಣ ಎಂಜಿನ್ನಿನ ಸದ್ದು ಬದಲಾಗುತ್ತದೆ. ಕೆಲವರು ನೀರಿನ ಬದಲು ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ಸುರಿಯುವವನು ಮನೆಗೆ ತಾನೇ ಕೊಳ್ಳಿ ಇಟ್ಟುಕೊಂಡಂತೆ. ಬ್ರೇಕಿಗೆ ಎಂಜಿನ್ನಿನ ನಿರ್ವಾತದ ನೆರವುಳ್ಳ ವಾಹನಗಳಲ್ಲಿ ಆ ಕೊಳವೆಯನ್ನು ತಪ್ಪದೆ ನೋಡಬೇಕು. ಅದು ಬಿರಿತರೆ ಸ್ಲೋ ಕೆಡುವುದರೊಡನೆ ಬ್ರೇಕು ಹಿಡಿಯಲು ಕಾಲಿಗೆ ಎಷ್ಟೋ ಪಾಲು ಹೆಚ್ಚು ಬಲ ಬೇಕಾಗುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯನ್ನು ಇಳಿಯುವವರು ಅದನ್ನು ಅಲ್ಲಿ ಕಂಡುಕೊಳ್ಳುವಂತಾಗಬಾರದು.

ನಿರ್ವಾತವನ್ನು ಅಳೆಯುವ ಗೇಜೊಂದುಂಟು. ಸರಿಯಾದ ಎಂಜಿನ್ನು ಸ್ಲೋದಲ್ಲಿ 17ರಿಂದ 21 ಅಂಗುಲ ಪಾದರಸದಷ್ಟು ತೋರಿಸಬೇಕೆಂದು ಪುಸ್ತಕಗಳು ಹೇಳುತ್ತವೆ. ಇದು ಸಮುದ್ರಮಟ್ಟದ ಮಾತು. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದಂಗುಲ ಕಡಮೆಯಾಗುತ್ತದೆ. ಹಾಸನ ನಗರವು ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪವೇ ಕಡಮೆ ಎತ್ತರದಲ್ಲಿದೆ. ಹಿರೀಸಾವೆಯೂ ಅದೇ ಪ್ರಸ್ಥಭೂಮಿಯ ಊರು. ಇಲ್ಲಿ ಮೂರಂಗುಲದಷ್ಟು ಕಡಮೆ ಕಂಡರೆ ಗಾಬರಿ ಬೀಳಬೇಕಾಗಿಲ್ಲ. ಅಂಕಿಗಿಂತ ಮುಳ್ಳಿನ ನಡತೆ ಮುಖ್ಯ: ಕದಲದೆ ನಿಂತರೆ ಒಳ್ಳೆಯದು, ಕ್ರಮವಾಗಿ ಜಿಗಿದರೆ ವಾಲ್ವು. ಎತ್ತರಕ್ಕೆ ಹೋದಂತೆ ಗಾಳಿ ವಿರಳವಾಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುವುದರಿಂದ, ಮಂಗಳೂರಿನಲ್ಲಿ ಹದಗೊಳಿಸಿದ ಕಾರ್ಬುರೇಟರು ಹಾಸನದಲ್ಲಿ ತುಸು ಮಂಕಾಗಿಯೂ ಚಿಕ್ಕಮಗಳೂರಿನ ಗಿರಿಶ್ರೇಣಿಯ ಮೇಲೆ ಇನ್ನೂ ಮಂಕಾಗಿಯೂ ನಡೆಯುತ್ತದೆ.

ಈಗ ಕಾರ್ಬುರೇಟರಿಗೆ ಬರಬಹುದು. ಸ್ಲೋದಲ್ಲಿ ಪೆಟ್ರೋಲು ಬರುವುದು ಮುಖ್ಯ ಜೆಟ್ಟಿನಿಂದಲ್ಲ; ಅದಕ್ಕಾಗಿಯೇ ಇರುವ ಸ್ಲೋ ಜೆಟ್ಟಿನಿಂದ. ಅದರ ರಂಧ್ರದ ವ್ಯಾಸ ಸುಮಾರು ಅರ್ಧ ಮಿಲಿಮೀಟರು. ಟ್ಯಾಂಕಿನ ತುಕ್ಕಿನ ಒಂದು ಕಣ ಅಲ್ಲಿ ಕುಳಿತರೆ ಸಾಕು, ಎಂಜಿನ್ನು ವೇಗದಲ್ಲಿ ಕುದುರೆಯಂತೆ ಓಡಿ, ಕಾಲೆತ್ತಿದೊಡನೆ ಸಾಯುತ್ತದೆ. ಜೆಟ್ಟನ್ನು ಗಾಳಿ ಊದಿ ಚೊಕ್ಕಟಗೊಳಿಸಬೇಕೇ ಹೊರತು ತಂತಿ ತೂರಿಸಬಾರದು. ಹಿತ್ತಾಳೆ ಮೆದುವಾದ್ದರಿಂದ ರಂಧ್ರ ಹಿಗ್ಗಿ, ಹೋದ ಕಾಯಿಲೆಯ ಜಾಗದಲ್ಲಿ ಹೊಸ ಕಾಯಿಲೆ ಬರುತ್ತದೆ. ಇತ್ತೀಚೆಗೆ ಈ ತೊಂದರೆಗೆ ಇನ್ನೊಂದು ಕಾರಣ ಸೇರಿದೆ. ಕಬ್ಬಿನ ಕಾಕಂಬಿ ಮತ್ತು ಧಾನ್ಯಗಳಿಂದ ತೆಗೆದ ಎಥನಾಲನ್ನು ಶೇಕಡ 20ರಷ್ಟು ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ನೀಡಲಾಯಿತು. 2025ರ ಹೊತ್ತಿಗೆ ಅದು ದೇಶದ ಬಹುಪಾಲು ಬಂಕುಗಳನ್ನು ತಲುಪಿತು. ಆಮದು ತೈಲವನ್ನು ಉಳಿಸುವ, ಕಬ್ಬು ಬೆಳೆಗಾರನಿಗೆ ನೆರವಾಗುವ ಯೋಜನೆಯಿದು. ಹಳೆಯ ಗಾಡಿಗೆ ಮಾತ್ರ ಇದು ಅಪರಿಚಿತ ಆಹಾರ. ಎಥನಾಲು ತನ್ನೊಡನೆ ಆಮ್ಲಜನಕವನ್ನೂ ತರುವುದರಿಂದ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರನ್ನು ಮೆದುಗೊಳಿಸುತ್ತದೆ. ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಕೊಳೆಯನ್ನು ಸಡಿಲಿಸಿ ಜೆಟ್ಟಿಗೆ ತಂದು ಸೇರಿಸುತ್ತದೆ. ಗಾಳಿಯ ತೇವವನ್ನು ಹೀರುತ್ತದೆ. ಆದ್ದರಿಂದ ವರ್ಷಕ್ಕೆ ನಾಲ್ಕು ಸಲ ಮಾತ್ರ ಹೊರಡುವ ಕಾರಿನ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಉಳಿಸಬಾರದು; ಎಥನಾಲನ್ನು ತಾಳುವ ಕೊಳವೆಗಳನ್ನು ಹಾಕಿಸಿ, ಅಗತ್ಯ ಕಂಡರೆ ಒಂದು ಅಳತೆ ದೊಡ್ಡ ಜೆಟ್ಟನ್ನು ಕೂರಿಸಬೇಕು.

ಮೋಟಾರು ಸೈಕಲ್ಲುಗಳ ವಿಷಯದಲ್ಲಿ ಒಂದು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಎಂಬ ಹೆಸರಿನಲ್ಲಿ ಹೊರಬರತೊಡಗಿ, 1973ರಿಂದ ಯೆಜ್ಡಿ ಎಂದು ಕರೆಸಿಕೊಂಡು, 1996ರಲ್ಲಿ ನಿಂತುಹೋದ ಗಾಡಿಗಳು ಎರಡು ಹೊಡೆತಗಳ ಎಂಜಿನ್ನಿನವು. ಸ್ಲೋದಲ್ಲಿ ಇವು ಗುಡು, ಗುಡುಗುಡು, ಗುಡು ಎಂದು ಲಯ ತಪ್ಪಿ ಬಡಿಯುವುದು ರೋಗವಲ್ಲ. ಥ್ರಾಟಲ್ ಮುಚ್ಚಿರುವಾಗ ಹಳೆಯ ಹೊಗೆ ಪೂರ್ತಿ ಹೊರಹೋಗದೆ, ಒಂದು ಸುತ್ತು ಉರಿಯದೆ ತಪ್ಪಿ ಮುಂದಿನ ಸುತ್ತಿಗೆ ಉರಿಯುವುದು ಆ ಜಾತಿಯ ಹುಟ್ಟುಗುಣ. ಅದನ್ನು ನಾಲ್ಕು ಹೊಡೆತದ ಗಾಡಿಯಂತೆ ನಯಗೊಳಿಸಲು ಹೊರಟವರು ತಮ್ಮ ಹಣವನ್ನೂ ಗಾಡಿಯ ಸೊಗಸನ್ನೂ ಕಳೆದುಕೊಳ್ಳುತ್ತಾರೆ. ಆದರೆ ಅದರ ವೇಗ ತಾನೇ ತಾನಾಗಿ ಏರಿ, ಥ್ರಾಟಲ್ ಮುಚ್ಚಿದರೂ ಇಳಿಯದಿದ್ದರೆ ಕ್ರ್ಯಾಂಕಿನ ಪಕ್ಕದ ಆಯಿಲ್ ಸೀಲು ಗಾಳಿ ಎಳೆಯುತ್ತಿದೆಯೆಂದು ತಿಳಿಯಬೇಕು. ಇಲ್ಲಿ ಕ್ರ್ಯಾಂಕಿನ ಕೋಣೆಯೇ ಮಿಶ್ರಣವನ್ನು ಒತ್ತುವ ಪಂಪು. ಡೀಸೆಲ್ ಜೀಪು, ಟ್ರ್ಯಾಕ್ಟರುಗಳಲ್ಲಿ ಪ್ಲಗ್ಗಿನ ಕಿಡಿಯೂ ಇಲ್ಲ, ಕಾರ್ಬುರೇಟರೂ ಇಲ್ಲ. ಅಲ್ಲಿ ಮೊದಲು ನೋಡಬೇಕಾದದ್ದು ಇಂಧನದ ಕೊಳವೆಯಲ್ಲಿ ಸೇರಿದ ಗಾಳಿ, ಬಳಿಕ ಫಿಲ್ಟರು ಮತ್ತು ಇಂಜೆಕ್ಟರು.

ಸ್ಲೋ ಕೆಟ್ಟ ಎಂಜಿನ್ನಿನಿಂದ ಮನುಷ್ಯನಿಗೆ ಒದಗುವ ಅಪಾಯವೊಂದುಂಟು. ಅರೆಬರೆ ಉರಿದ ಪೆಟ್ರೋಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಮಿಶ್ರಣ ದಪ್ಪವಾದಷ್ಟೂ ಇದರ ಪ್ರಮಾಣ ಹೆಚ್ಚು. ಹೊಗೆ ತಪಾಸಣೆಯಲ್ಲಿ ಹಳೆಯ ಪೆಟ್ರೋಲ್ ಕಾರುಗಳಿಗೆ ಶೇಕಡ 3, ಹಳೆಯ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಶೇಕಡ 4.5 ಎಂದು ಗೊತ್ತುಪಡಿಸಿರುವ ಮಿತಿಯನ್ನು ಅಳೆಯುವುದು ಈ ಐಡ್ಲಿಂಗ್ ಸ್ಥಿತಿಯಲ್ಲಿಯೇ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ, ಮಳೆಯೆಂಬ ನೆಪದಿಂದ, ಎಂಜಿನ್ನು ನಡೆಸಿ ಕಿವಿಗೊಟ್ಟು ಕೂರುವವನಿಗೆ ಮೊದಲು ತಲೆನೋವು, ಬಳಿಕ ಮಂಪರು ಬರುತ್ತದೆ. ಆಮೇಲೆ ಎದ್ದು ಬಾಗಿಲು ತೆರೆಯಬೇಕೆಂಬ ಯೋಚನೆಯೇ ಬರುವುದಿಲ್ಲ. ಆದ್ದರಿಂದ ಕಡೆಯ ಹೊಂದಾಣಿಕೆಗೆ ಗಾಡಿಯನ್ನು ಬಯಲಿಗೆ ತರಬೇಕು. ಎಂಜಿನ್ನು ಪೂರ್ತಿ ಕಾಯುವಂತೆ ನಾಲ್ಕು ಮೈಲಿ ಓಡಿಸಿ ನಿಲ್ಲಿಸಬೇಕು. ಮಿಶ್ರಣದ ತಿರುಪನ್ನು ಎಂಜಿನ್ನು ತಡವರಿಸುವವರೆಗೆ ಮೆಲ್ಲಗೆ ಒಳಕ್ಕೂ, ಕುಂಟುವವರೆಗೆ ಹೊರಕ್ಕೂ ತಿರುಗಿಸಿ, ಇವೆರಡರ ನಡುವೆ ಸದ್ದು ಅತ್ಯಂತ ಸಮನಾಗುವ ಎಡೆಯಲ್ಲಿ ಬಿಡಬೇಕು. ಬಳಿಕ ಹೆಡ್‌ಲೈಟುಗಳನ್ನು ಹೊತ್ತಿಸಿ, ಡೈನಮೋವಿನ ಹೊರೆ ಬಿದ್ದಾಗಲೂ ಎಂಜಿನ್ನು ಕುಗ್ಗದೆ ನಡೆಯುವಂತೆ ವೇಗದ ತಿರುಪನ್ನು ಕೂದಲೆಳೆಯಷ್ಟು ಸರಿಪಡಿಸಿ, ಬಾನೆಟ್ಟು ಮುಚ್ಚಬಹುದು.